ಒಂದು ಸಾಲು ಹೆಚ್ಚು ಓದಿದ ಬೇಸಿಗೆ

ಕಳೆದ ವಾರ ಧಾರವಾಡದ ಒಂದು ಅಂಗಡಿಯಲ್ಲಿ ಕಿಟಕಿಯ ಪರದೆಗೆಂದು ಬಟ್ಟೆ ಕೇಳಿದೆ. ಅಂಗಡಿಯವರು ಕೋರಾ ಬಟ್ಟೆಯ ಥಾನೊಂದನ್ನು ಹಲಗೆಯ ಮೇಲೆ ಬಿಚ್ಚಿ ಹರವಿದರು. ಇನ್ನೂ ನೀರು ಕಾಣದ ಬಟ್ಟೆ. ಮೊದಲು ಗಂಜಿಯ ಹುಳಿ ವಾಸನೆ ಬಂತು, ಅದರ ಹಿಂದೆ ಯಂತ್ರದ ಎಣ್ಣೆಯದು, ಅದರ ಹಿಂದೆ ಬಿಸಿಯಾದ ಹತ್ತಿಯದು. ಎಷ್ಟು ಗಜ ಬೇಕೆಂದು ಅವರು ಮತ್ತೆ ಮತ್ತೆ ಕೇಳಿದ ಮೇಲೆ ನನಗೆ ಕೇಳಿಸಿತು. ಅಳತೆ ಹೇಳಿ, ಕಟ್ಟಿಸಿಕೊಂಡು ಮನೆಗೆ ಬಂದೆ. ಅಂದಿನಿಂದ ಒಂದು ಕಡೆ ಕೂತು ಓದಲಾಗುತ್ತಿಲ್ಲ. ಪುಸ್ತಕ ತೆರೆದರೆ ದಾವಣಗೆರೆಯ ಆ ಬೇಸಿಗೆ ಬಂದು ನಿಲ್ಲುತ್ತದೆ. ಬರೆದರೆ ತುಸು ಸಮಾಧಾನವಾದೀತೆಂದು ಕೂತಿದ್ದೇನೆ.

ಅದು ಅರವತ್ತನೆಯ ಇಸವಿ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಲು ಸೇರಿ ಒಂದು ವರ್ಷವಾಗುತ್ತ ಬಂದಿತ್ತು. ತಂದೆತಾಯಿ ಹರಿಹರದ ಆಚೆ ಕೊಕ್ಕನೂರಿನಲ್ಲಿ ಹೊಲ ನೋಡಿಕೊಂಡಿದ್ದರು. ನಾನಿದ್ದದ್ದು ನಿಟ್ಟುವಳ್ಳಿಗೆ ಹೋಗುವ ದಾರಿಯಲ್ಲಿ, ಸೋದರಮಾವ ಸಿದ್ದಪ್ಪನವರ ಮನೆಯಲ್ಲಿ. ಮಾವ ಬಟ್ಟೆ ಗಿರಣಿಯಲ್ಲಿ ಜಾಬರ್. ಮಗ್ಗದ ಶೆಡ್ಡಿನಲ್ಲಿ ಯಾರನ್ನು ಯಾವ ಮಗ್ಗಕ್ಕೆ ನಿಲ್ಲಿಸಬೇಕೆಂದು ಹೇಳುವವರೂ ಕೆಟ್ಟ ಮಗ್ಗವನ್ನು ಸರಿಮಾಡುವವರೂ ಅವರೇ. ನಮ್ಮ ಮನೆಯಲ್ಲಿ ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಗಿರಣಿಯ ಕೂಗಿಗೆ. ಅತ್ತೆ ನೀಲಮ್ಮ ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವುದನ್ನೇ ಬಿಟ್ಟಿದ್ದರು.

ಆ ವರ್ಷ ಬಿಸಿಲು ಬೇಗ ಬಂತು. ಗಾಳಿ ಬಿದ್ದುಹೋಗಿತ್ತು. ಹತ್ತಿ ಬಿಡಿಸುವ ಜಿನ್ನು ಕಾರ್ಖಾನೆಗಳ ಕಡೆಯಿಂದ ಎಳೆ ತೇಲಿಬಂದು ಒಣಹಾಕಿದ ಸೀರೆಗೆ, ಕುಡಿಯುವ ನೀರಿಗೆ, ಕಣ್ಣಿನ ರೆಪ್ಪೆಗೆ ಅಂಟುತ್ತಿತ್ತು. ಆ ದಿನಗಳಲ್ಲೇ ವಾಚನಾಲಯದ ಇಂಗ್ಲಿಷ್ ಪತ್ರಿಕೆಯಲ್ಲಿ ದಕ್ಷಿಣ ಆಫ್ರಿಕಾದ ಸುದ್ದಿ ಓದಿದೆ. ಹುಟ್ಟಿದ ನೆಲದಲ್ಲಿ ಓಡಾಡಲು ಪಾಸು ತೋರಿಸಬೇಕೆಂಬ ಕಾನೂನು ಬೇಡವೆಂದು ಕೂಡಿದ್ದ ಕರಿಯ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಓಡುತ್ತಿದ್ದವರ ಬೆನ್ನಿಗೆ ಗುಂಡು ತಗಲಿತ್ತು.

ವಕೀಲ ಮುರಿಗೆಪ್ಪನವರು ಗಿರಣಿ ಕಾರ್ಮಿಕರ ಸಂಘದ ಅಧ್ಯಕ್ಷರು. ಸ್ವಾತಂತ್ರ್ಯದ ಚಳವಳಿಯಲ್ಲಿ ಜೈಲು ಕಂಡವರು. ಮೈಕು ಇಲ್ಲದೆಯೇ ಮೈದಾನದ ಕೊನೆಯವರೆಗೆ ಕೇಳಿಸುವ ಧ್ವನಿ ಅವರದು. ಅವರ ಮಾತು ಕೇಳಲೆಂದೇ ಜಗಳೂರಿನ ಕಡೆಯ ಹಳ್ಳಿಗಳಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಈ ಗುಂಡಿನ ವಿಷಯದಲ್ಲಿ ಕಾರ್ಮಿಕರದೊಂದು ಖಂಡನಾ ಸಭೆ ಆಗಲೇಬೇಕೆಂದು ಅವರು ತೀರ್ಮಾನಿಸಿದರು. ಪತ್ರಿಕೆಗಳನ್ನು ಓದಿ ಕನ್ನಡದಲ್ಲಿ ಸಾರ ಬರೆದುಕೊಡುವವರು ಬೇಕಾಗಿತ್ತು. ಮಾವ ನನ್ನನ್ನು ಕೇಳದೆಯೇ ನನ್ನ ಹೆಸರು ಹೇಳಿಬಂದರು.

ಸಂಜೆ ಶಾಲೆ ಬಿಟ್ಟಮೇಲೆ ವಕೀಲರ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೆ. ಬಿಳಿಯರಿಗೊಂದು ಬೆಂಚು, ಕರಿಯರಿಗೊಂದು ಬೆಂಚು. ಅಂಚೆ ಕಚೇರಿಗೆ ಎರಡು ಬಾಗಿಲು. ಗಣಿಯ ಒಳಗೆ ಒಬ್ಬರಿಗೆ ಒಂದು ಕೆಲಸ, ಇನ್ನೊಬ್ಬರು ಎಷ್ಟೇ ಕಲಿತರೂ ಆ ಕೆಲಸ ಅವರಿಗಿಲ್ಲ. ವಕೀಲರು ನನ್ನ ವಾಕ್ಯಗಳನ್ನು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ನಟನೆಯಾಗಿರಲಿಲ್ಲ. ಆ ಮನುಷ್ಯನಿಗೆ ನಿಜವಾಗಿ ನೋವಾಗುತ್ತಿತ್ತು.

ಅಂಥ ಒಂದು ಸಂಜೆ ಹಾಲೇಶ ಬಂದ. ಗಿರಣಿಯ ವೇಸ್ಟ್ ಹತ್ತಿಯ ಗೋದಾಮಿನಲ್ಲಿ ಕೆಲಸ ಮಾಡುವ ಹುಡುಗ, ನನಗಿಂತ ಒಂದೆರಡು ವರ್ಷ ಚಿಕ್ಕವನಿರಬೇಕು. ಹರಿಜನ ಕೇರಿಯವನು. ವಕೀಲರು ಮೇಲೆ ಬಾರೆಂದರೂ ಮೆಟ್ಟಿಲ ಕೆಳಗೇ ನಿಂತ. ಮಾತು ಮಾತ್ರ ತಡವರಿಸಲಿಲ್ಲ. ಗಿರಣಿಯಲ್ಲಿ ಹೊಸ ಶೆಡ್ಡು ಏಳುತ್ತಿತ್ತು, ಹೊಸ ಮಗ್ಗಗಳು ಬಂದಿದ್ದವು, ಅವಕ್ಕೆ ಆಳು ಬೇಕಾಗಿದ್ದರು. ತನಗೆ ಮಗ್ಗ ಬರುತ್ತದೆ, ಒಂದು ಮಗ್ಗ ಕೊಡಿಸಬೇಕು ಎಂದ.

ವಕೀಲರು ಕೈಯಲ್ಲಿದ್ದ ಪೆನ್ಸಿಲನ್ನು ಕಾಗದದ ಮೇಲೆ ಇಟ್ಟರು. "ನಿಂಗೆ ಗೊತ್ತಿಲ್ಲದ್ದು ಏನೈತೆ ಹೇಳಪ್ಪ," ಎಂದರು.

"ಗೊತ್ತೈತ್ರಿ. ಅದಕ್ಕೇ ನಿಮ್ಮತ್ರ ಬಂದೀನಿ," ಎಂದ ಹಾಲೇಶ.

ಅವನು ಹೋದಮೇಲೆ ಆ ಮಾತೇನೆಂದು ವಕೀಲರನ್ನು ಕೇಳಿದೆ, ಅವರು ಬಿಡಿಸಿ ಹೇಳಿದರು. ಮಗ್ಗದಲ್ಲಿ ಅಡ್ಡನೂಲನ್ನು ಒಯ್ಯುವುದು ಲಾಳಿ. ಅದರೊಳಗೆ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಕಂಡಿಕೆ ಮುಗಿದಾಗಲೆಲ್ಲ ಹೊಸದನ್ನು ಇಟ್ಟು, ಲಾಳಿಯ ಪಕ್ಕದ ಸಣ್ಣ ತೂತಿಗೆ ಬಾಯಿಟ್ಟು ಜೋರಾಗಿ ಉಸಿರೆಳೆದರೆ ನೂಲಿನ ತುದಿ ಹೊರಗೆ ಬರುತ್ತದೆ. ನೇಕಾರ ದಿನವಿಡೀ ಅದನ್ನು ಮಾಡಬೇಕು. ಅವನ ಪಾಳಿ ಮುಗಿದು ಇನ್ನೊಬ್ಬ ಬಂದಾಗ ಅದೇ ಲಾಳಿಗೆ ಅವನೂ ಬಾಯಿಡಬೇಕು. ಆದ್ದರಿಂದ ಕೇರಿಯವರಿಗೆ ಗಿರಣಿಯಲ್ಲಿ ಗೋದಾಮು ಉಂಟು, ಕಸ ಉಂಟು, ಹತ್ತಿ ಬಿಡಿಸುವುದುಂಟು, ಮಗ್ಗ ಇಲ್ಲ. ಯಾವ ಗೋಡೆಯ ಮೇಲೂ ಹಾಗೆಂದು ಬರೆದಿರಲಿಲ್ಲ.

ಮಾವ ಊಟಕ್ಕೆ ಕೂತಾಗ ಈ ಮಾತು ತೆಗೆದೆ. ಅವರು ಸಿಟ್ಟಾಗಲಿಲ್ಲ. ಹುಡುಗ ಒಳ್ಳೆಯವನೇ ಎಂದರು. ಆದರೆ ಅವನು ಬಾಯಿಟ್ಟ ಲಾಳಿಯನ್ನು ಎರಡನೇ ಪಾಳಿಯವನು ಮುಟ್ಟುವುದಿಲ್ಲ, ಮಗ್ಗ ನಿಲ್ಲುತ್ತದೆ, ಮ್ಯಾನೇಜರು ತನ್ನ ಕುತ್ತಿಗೆಗೆ ಬರುತ್ತಾರೆ. ಬಾಯಿ ಬೇಡ, ಸಣ್ಣ ತಂತಿಯ ಕೊಕ್ಕೆಯಿಂದ ನೂಲೆಳೆಯಬಹುದಲ್ಲ ಎಂದೆ. ಹಾಗೆಂದು ಎಲ್ಲೋ ಓದಿದ್ದೆ.

"ಬರ್ತೈತೆ, ಯಾಕ ಬರಲ್ಲ. ಕೊಕ್ಕೆ ಹಾಕ್ಕಂತ ಕುಂತ್ರೆ ಅರ್ಧ ಬಟ್ಟೆ. ಅಳತೆ ಮ್ಯಾಲೆ ಕೂಲಿ ಕಣವ್ವ," ಎಂದರು ಮಾವ.

ಅತ್ತೆ ರೊಟ್ಟಿ ಹಾಕುತ್ತ, "ನಿಮ್ಮ ಲಾಳಿ ಎಂಜಲೇ ಎಲ್ಲಾರ್ದೂ ಸೇರಿ. ಇಷ್ಟು ದಿನ ಗಂಗಾಜಲ ಕುಡಿದಂಗೆ ಮಾತಾಡ್ತೀರಿ," ಎಂದರು. ಮಾವ ನಕ್ಕರು. ನಕ್ಕು ಕೈ ತೊಳೆದುಕೊಂಡರು. ಅಲ್ಲಿಗೆ ಆ ಮಾತು ಮುಗಿಯಿತು.

ನನಗೆ ಮುಗಿಯಲಿಲ್ಲ. ಗಣಿಯ ಒಳಗಿನ ಕೆಲಸದ ಬಗ್ಗೆ ನಾನೇ ಬರೆದ ವಾಕ್ಯ ಪಾಠದ ನಡುವೆ, ಕೊಡ ತುಂಬುವಾಗ, ತಲೆ ಬಾಚುವಾಗ ಬಂದು ಕೂರುತ್ತಿತ್ತು.

ಭಾನುವಾರ ನಾನು ಕೊಕ್ಕನೂರಿಗೆ ಹೊರಟಾಗ ಮಾವ ತಾವೂ ಹರಿಹರದವರೆಗೆ ಬರುತ್ತೇನೆಂದರು. ಏಕೆಂದು ಹೇಳಲಿಲ್ಲ. ಸ್ಟೇಷನ್ನಿನಿಂದ ಹೊಳೆಯ ಕಡೆಗೆ ನಡೆದು, ಒಂದು ಓಣಿಯಲ್ಲಿ ದಸ್ತಗೀರ್ ಸಾಬರ ಮನೆಯ ಹಿತ್ತಿಲಿಗೆ ಕರೆದೊಯ್ದರು. ತಗಡಿನ ಚಪ್ಪರದ ಕೆಳಗೆ ಹಳೆಯ ವಿದ್ಯುತ್ ಮಗ್ಗಗಳು ಕಿವಿ ಕಿತ್ತುಹೋಗುವಂತೆ ಬಡಿಯುತ್ತಿದ್ದವು. ಒಂದರ ಮುಂದೆ ಹಾಲೇಶ ನಿಂತಿದ್ದ. ರಜೆಯ ದಿನಗಳಲ್ಲಿ ಅವನು ಕೆಲಸ ಕಲಿಯುತ್ತಿದ್ದದ್ದು ಅಲ್ಲಿ. ನಮ್ಮನ್ನು ನೋಡಿದ, ಮಗ್ಗ ನಿಲ್ಲಿಸಲಿಲ್ಲ.

ಮಾವ ಕೈ ಹಿಂದೆ ಕಟ್ಟಿಕೊಂಡು ನೋಡಿದರು. ನೇಯ್ದ ಬಟ್ಟೆಯ ಅಂಚನ್ನು ಉಗುರಿನಿಂದ ಸವರಿದರು. ಒಂದು ಎಳೆ ಹರಿಯಿತು. ಹಾಲೇಶ ಗಂಟು ಹಾಕಿ ಮತ್ತೆ ಚಾಲೂ ಮಾಡಿದ್ದು ನನ್ನ ಕಣ್ಣಿಗೆ ಸರಿಯಾಗಿ ಬೀಳಲೇ ಇಲ್ಲ. ಸಾಬರು ಕುರ್ಚಿ ತರಿಸಿದರು, ಚಹಾ ತರಿಸಿದರು. ಮೂರು ತಲೆಮಾರಿನಿಂದ ನೇಯ್ಗೆಯವರು, ಮಾತಿಗೆ ಸೋಲದವರು.

"ಏನ್ ಸಿದ್ದಣ್ಣ, ಮಾಲು ಪಸಂದಾತಾ?" ಎಂದರು.

ಮಾವ, ಇವನು ಬಾಯಿಟ್ಟ ಲಾಳಿಯನ್ನು ನಿಮ್ಮವರು ಮುಟ್ಟುತ್ತಾರೆಯೇ ಎಂದು ಕೇಳಿದರು.

"ಮುಟ್ತಾರೆ. ನನ್ನ ಬೀಡಿನೂ ಅವನೇ ಸೇದಿ ಮುಗಿಸ್ತಾನೆ, ಹರಾಮಿ," ಎಂದರು ಸಾಬರು. ಆಮೇಲೆ ನಗು ಬಿಟ್ಟು ಹೇಳಿದರು: "ನಂದು ಎರಡು ಮಗ್ಗ ಮಾರಾಕೆ ಇಟ್ಟೀನಿ. ಮಳೆಗಾಲದಾಗೆ ಇವನಿಗೆ ಇಲ್ಲಿ ಕೆಲ್ಸ ಇರಂಗಿಲ್ಲ. ಅಲ್ಲಿ ಗೋದಾಮಿನ ಧೂಳು ಕುಡುದು ಇವರಪ್ಪ ಹೋದ. ಇವನನ್ನ ಅಲ್ಲಿಂದ ತೆಗೀರಿ."

ಮಾವ, ನಾನು ಹೊಳೆ ದಂಡೆಗೆ ಬಂದೆವು. ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. "ಕೈ ಐತೆ ಅವನಿಗೆ," ಎಂದಷ್ಟೇ ಅಂದು ಅವರು ದಾವಣಗೆರೆಯ ರೈಲಿಗೆ ಹೊರಟರು.

ಊರಿನಿಂದ ಮರಳಿದ ಮೇಲೆ ಖಂಡನಾ ನಿರ್ಣಯದ ಕರಡನ್ನು ಬರೆದೆ. ಕೊನೆಗೆ ಒಂದು ಸಾಲು ಸೇರಿಸಿದೆ: ಹಾಗೆಯೇ ನಮ್ಮ ಗಿರಣಿಯ ಹೊಸ ಶೆಡ್ಡಿನಲ್ಲಿ ಮಗ್ಗ ಕೊಡುವಾಗ ಕೆಲಸ ನೋಡಬೇಕೇ ಹೊರತು ಜಾತಿ ನೋಡಬಾರದೆಂದು ಈ ಸಭೆ ಒತ್ತಾಯಿಸುತ್ತದೆ. ವಕೀಲರು ಓದಿದರು. ಕೆಂಪು ಪೆನ್ಸಿಲಿನಿಂದ ಆ ಸಾಲಿನ ಮೇಲೆ ಒಂದು ಗೀಟು ಎಳೆದರು, ಬಹಳ ಮೆಲ್ಲಗೆ, ನನಗೆ ನೋವಾಗಬಾರದೆನ್ನುವ ಹಾಗೆ.

ಅವರ ವಾದ ಪೊಳ್ಳಾಗಿರಲಿಲ್ಲ. ಮಳೆಗಾಲದಲ್ಲಿ ಬೋನಸ್ಸಿನ ಹೋರಾಟ ಬರುವುದಿತ್ತು. ಮಗ್ಗದವರು ಸಂಘದ ಬೆನ್ನೆಲುಬು. ಅವರು ಒಡೆದರೆ ಗೋದಾಮಿನವರಿಗೂ ಏನೂ ಸಿಗುವುದಿಲ್ಲ. ಬಹಿರಂಗವಾಗಿ ಹೇಳಿದರೆ ಜನ ಮೊಂಡು ಹಿಡಿಯುತ್ತಾರೆ, ತಾನು ಮ್ಯಾನೇಜರ ಕಿವಿಯಲ್ಲಿ ಹಾಕುತ್ತೇನೆ, ನಿಧಾನವಾಗಿ ಆಗುತ್ತದೆ ಎಂದರು. ಆಫ್ರಿಕಾದ ಮಾತು ಆಡಿದರೆ ಯಾರು ಮೊಂಡು ಹಿಡಿಯುತ್ತಾರೆ ಎಂದು ಕೇಳಿದೆ.

"ಯಾರೂ ಇಲ್ಲ. ಅದಕ್ಕೇ ಅದು ಹಗುರ, ತಂಗಿ. ನಂಗೂ ಗೊತ್ತೈತೆ," ಎಂದರು ಅವರು.

ಸಭೆ ಗಿರಣಿಯ ಎದುರಿನ ಮೈದಾನದಲ್ಲಿ, ಬಿಸಿಲಿಳಿದ ಮೇಲೆ ನಡೆಯಿತು. ಬರೆದವಳು ನಾನಾದ್ದರಿಂದ ನಿರ್ಣಯವನ್ನು ನಾನೇ ಓದಬೇಕೆಂದು ವಕೀಲರು ಹೇಳಿದ್ದರು. ಅಷ್ಟು ಗಂಡಸರ ಮುಂದೆ ನಾನು ಎಂದೂ ನಿಂತವಳಲ್ಲ. ಮುಂದೆ ಮಗ್ಗದವರು, ಅವರ ಹಿಂದೆ ನೂಲು ತೆಗೆಯುವ ನೂಲಿನ ಖಾತೆಯವರು, ಎಲ್ಲರಿಗಿಂತ ಹಿಂದೆ, ಕಾಂಪೌಂಡಿನ ಗೋಡೆಗೆ ಒತ್ತಿ ಗೋದಾಮಿನವರು. ಯಾರೂ ಹೇಳಿ ಕೂರಿಸಿದ್ದಲ್ಲ.

ವಕೀಲರು ಅಂದು ಎಂದಿಗಿಂತ ಚೆನ್ನಾಗಿ ಮಾತಾಡಿದರು. ಎರಡು ಬೆಂಚುಗಳ ಮಾತು ಬಂದಾಗ ಥೂ ಎಂಬ ಸದ್ದು ಮುಂದಿನ ಸಾಲುಗಳಿಂದ ಎದ್ದಿತು. ಬೆನ್ನಿಗೆ ಬಿದ್ದ ಗುಂಡಿನ ಮಾತು ಬಂದಾಗ ನಮ್ಮ ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. ರುದ್ರಪ್ಪನೆಂಬ ನೇಕಾರ ಎದ್ದು ನಿಂತು, ಬಿಳಿಯರಿಗೆ ಧಿಕ್ಕಾರ ಕೂಗಿಸಿದ. ಹಿಂದೆ ಗೋಡೆಯ ಬಳಿ ಹಾಲೇಶನೂ ಕೂಗಿದ್ದು ಕಾಣಿಸಿತು.

ಆಮೇಲೆ ನನ್ನ ಸರದಿ. ಕಾಗದ ಬಿಡಿಸಿ ಓದತೊಡಗಿದೆ. ನಿರ್ಣಯಗಳನ್ನು ಜನ ಕೇಳುವುದಿಲ್ಲ. ಭಾಷಣ ಮುಗಿದ ಮೇಲೆ ಅದೊಂದು ಶಾಸ್ತ್ರ. ಟವೆಲು ಕೊಡವುವವರು, ಬೀಡಿ ಹುಡುಕುವವರು, ಚಪ್ಪಲಿ ಹುಡುಕುವವರು. ಕೊನೆಯ ಸಾಲಿಗೆ ಬಂದೆ. ಗೀಟಿನ ಅಡಿಯಲ್ಲಿ ಅಕ್ಷರಗಳು ಚೆನ್ನಾಗಿಯೇ ಕಾಣುತ್ತಿದ್ದವು. ಅದನ್ನೂ ಓದಿದೆ, ಉಳಿದವನ್ನು ಓದಿದ ಧ್ವನಿಯಲ್ಲೇ.

ವಕೀಲರ ತಲೆ ನನ್ನ ಕಡೆ ತಿರುಗಿತು. ಆದರೆ ಇಪ್ಪತ್ತು ವರ್ಷ ಸಭೆ ನಡೆಸಿದ ಬಾಯಿ. ಓದುವುದು ನಿಂತ ಕೂಡಲೇ ಅದು ತಾನಾಗಿ ಆಡಿತು: "ಒಪ್ಪಿಗೆ ಇದ್ದೋರು ಕೈ ಎತ್ರಪ್ಪ."

ಮೈದಾನದ ತುಂಬ ಕೈಗಳು ಎದ್ದವು. ರುದ್ರಪ್ಪನದು ಎದ್ದಿತು. ನಮ್ಮ ಮಾವನದು ಎದ್ದಿತು. ಗೋಡೆಯ ಹತ್ತಿರ ಮಾತ್ರ ಒಂದು ಕ್ಷಣ ಯಾವ ಕೈಯೂ ಏಳಲಿಲ್ಲ. ಅವರು ಕೇಳಿಸಿಕೊಂಡಿದ್ದರು. ಆಮೇಲೆ ಅಲ್ಲಿಯೂ ಎದ್ದವು. ಚಪ್ಪಾಳೆಯಾಯಿತು. ಸಭೆ ಮುಗಿಯಿತು.

ಅರ್ಥವಾದದ್ದು ಮಂಡಕ್ಕಿ ಅಂಗಡಿಯಲ್ಲಂತೆ. ಮೆಣಸಿನಕಾಯಿ ಬಜ್ಜಿ ಕಡಿಯುತ್ತ ಯಾರೋ, ಆ ಟೀಚರಮ್ಮ ಕೊನೆಗೆ ಹೊಸ ಶೆಡ್ಡು ಅಂತ ಏನೋ ಅಂದಳಲ್ಲ ಎಂದು ತೆಗೆದರು. ಇನ್ನೊಬ್ಬರು ನೆನೆಸಿಕೊಂಡರು. ಮರುದಿನ ಬೆಳಗಿನ ಕೂಗಿಗೆ ಮೊದಲೇ ರುದ್ರಪ್ಪ ಇನ್ನೂ ಕೆಲವರನ್ನು ಕರೆದುಕೊಂಡು ನಮ್ಮ ಅಂಗಳದಲ್ಲಿದ್ದ.

"ಏನ್ ಸಿದ್ದಣ್ಣ, ನಿಮ್ಮ ಸೊಸಿ ನಮ್ಮ ಕೈಲಿ ಏನು ಮಾಡಿಸ್ಯಾಳೆ ಗೊತ್ತೈತೇನು?"

ಮಾವ ಬಾಯಿ ತೆರೆಯುವ ಮೊದಲೇ ಅತ್ತೆ ಪೊರಕೆ ಹಿಡಿದುಕೊಂಡೇ ಹೊರಗೆ ಬಂದರು. "ಕೈ ನಿಮ್ದು, ಎತ್ತಿದೋರು ನೀವು. ಅವಳೇನು ಒಬ್ಬೊಬ್ರುದೂ ಹಿಡ್ಕಂಡು ಎತ್ತಿದ್ಲಾ ರುದ್ರಣ್ಣ?"

ಯಾರೋ ನಕ್ಕರು. ರುದ್ರಪ್ಪ ನಗಲಿಲ್ಲ. ಅವನು ಕೆಟ್ಟವನಲ್ಲ, ಅತ್ತೆಗೆ ಜ್ವರ ಬಂದಾಗ ಡಾಕ್ಟರನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದಿದ್ದವನು ಅವನೇ. ಟೀಚರು ತಪ್ಪಿ ಓದಿದರೆಂದು ವಕೀಲರು ಗೇಟಿನಲ್ಲಿ ಹೇಳಬೇಕು, ಹೇಳದಿದ್ದರೆ ಮಗ್ಗದವರು ಸಂಘ ಬಿಡುತ್ತಾರೆ ಎಂದು ಹೇಳಿ ಹೋದ.

ಆ ದಿನ ಎಲ್ಲರೂ ನನಗೆ ಒಂದೇ ದಾರಿ ತೋರಿಸಿದರು, ಎಲ್ಲರೂ ಒಳ್ಳೆಯ ಮಾತಿನಲ್ಲಿ. ಹೊಡೆದ ಸಾಲು ಗಡಿಬಿಡಿಯಲ್ಲಿ ಬಾಯಿಗೆ ಬಂತು ಎಂದರೆ ಆಯಿತು, ಯಾರಿಗೂ ಅವಮಾನವಿಲ್ಲ ಎಂದು ವಕೀಲರು ಹೇಳಿಕಳಿಸಿದರು. ಹೆಡ್ ಮಿಸ್ಟ್ರೆಸ್ಸರು ಕೋಣೆಗೆ ಕರೆದು, ಶಾಲೆಯ ಆಡಳಿತ ಮಂಡಳಿಯಲ್ಲಿ ಗಿರಣಿಯ ಪಾಲುದಾರರೂ ಇದ್ದಾರೆಂಬುದನ್ನು ನೆನಪಿಸಿದರು. ಮಾವ ಉಣ್ಣದೆ ಎದ್ದರು.

ಸಂಜೆ ಶಾಲೆಯ ಬೇಲಿಯಾಚೆ ಹಾಲೇಶ ನಿಂತಿದ್ದ. ಕೃತಜ್ಞತೆ ಹೇಳಲು ಬಂದಿರಬಹುದೆಂದು ಒಂದು ಗಳಿಗೆ ಅನ್ನಿಸಿತು. ಅವನು ಅದಕ್ಕೆ ಬಂದಿರಲಿಲ್ಲ.

"ಅಕ್ಕಾರೆ, ನಾಳೆ ನೀವು ತಪ್ಪಾತು ಅಂದ್ರೆ ನಿಮಗೇನೂ ಆಗಲ್ಲ. ನಾನೇ ಹೇಳಿಕೊಟ್ಟು ಓದ್ಸೀನಿ ಅಂತ ಗೋದಾಮಿಂದಾನೂ ತೆಗೀತಾರೆ. ಇದನ್ನ ಹೇಳಿ ಹೋಗಾನ ಅಂತ ಬಂದೆ."

ನಾನೇನು ಮಾಡಬೇಕು ಎಂದು ಕೇಳಿದೆ. ಅವನು ಬೇಲಿಯ ತಂತಿಯನ್ನು ನೋಡುತ್ತ ನಿಂತ.

"ಅದ್ನ ನಾ ಹೆಂಗೆ ಹೇಳ್ಲಿ. ನೀವು ಓದಿದ್ರಿ, ಅವರು ಕೇಳಲಿಲ್ಲ. ಯಾರಾದ್ರೂ ಒಬ್ರು ಮುಖ ನೋಡಿ ಹೇಳಬೇಕು," ಎಂದ.

ಮರುದಿನ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತು. ಹೋಗುವವರು, ಬರುವವರು ಎಲ್ಲರೂ ಗೇಟಿನ ಮುಂದೆ ಸೇರಿದ್ದರು. ಟಾರು ಕರಗಿ ಚಪ್ಪಲಿಗೆ ಹತ್ತುತ್ತಿತ್ತು. ವಕೀಲರು ಒಂದು ಖಾಲಿ ಪೆಟ್ಟಿಗೆಯ ಮೇಲೆ ನಿಂತಿದ್ದರು. ನಾನು ಅವರ ಪಕ್ಕದಲ್ಲಿ ನೆಲದ ಮೇಲೆ, ಮಾವ ನನ್ನ ಹಿಂದೆ. ವಕೀಲರು ಬಗ್ಗಿ, ಎಲ್ಲರಿಗೂ ಕೇಳಿಸುವಂತೆ ಕೇಳಿದರು: "ತಂಗಿ, ಆ ಕೊನೇ ಸಾಲು ಹೊಡೆದಿದ್ದು. ನೀವು ಗಡಿಬಿಡಿಯಾಗೆ ಓದಿದ್ರಿ. ಹೌದಲ್ಲೇನು?"

ತಲೆಯಾಡಿಸಿದರೆ ಸಾಕಿತ್ತು. ಎದುರಿಗೆ ರುದ್ರಪ್ಪನಿದ್ದ. ಅವನ ಮುಖ ನೋಡಿದೆ.

"ಇಲ್ಲ. ನೋಡಿಯೇ ಓದಿದೆ. ಅದು ಬೇಡವೆಂದರೆ ಅದಕ್ಕೆ ಮೊದಲು ಓದಿದ್ದನ್ನೂ ಬೇಡ ಅನ್ನಬೇಕಾಗುತ್ತದೆ," ಎಂದೆ.

ನನ್ನ ಧ್ವನಿ ದೊಡ್ಡದಲ್ಲ. ಮುಂದಿನವರು ಹಿಂದಿನವರಿಗೆ ಹೇಳಿದರು, ಅವರು ಅವರ ಹಿಂದಿನವರಿಗೆ. ನೋಡೇ ಓದ್ಯಾಳಂತೆ. ಬೇಕಂತ್ಲೇ ಓದ್ಯಾಳಂತೆ. ಆಫ್ರಿಕಾದ್ದೂ ಬ್ಯಾಡ ಅನ್ರಿ ಅಂತಾಳಂತೆ. ನನ್ನ ಮಾತು ಅವರ ಬಾಯಲ್ಲಿ ದೂರ ದೂರ ಹೋಗುವುದನ್ನು ಕೇಳುತ್ತ ನಿಂತೆ. ಅದನ್ನು ಮರಳಿ ಕರೆಯುವಂತಿರಲಿಲ್ಲ.

ವಕೀಲರು ಪೆಟ್ಟಿಗೆಯ ಮೇಲೆ ನೆಟ್ಟಗಾದರು. ಅಷ್ಟು ದೊಡ್ಡ ಮಾತುಗಾರ ಮಾತಿಗಾಗಿ ತಡಕಾಡಿದ್ದನ್ನು ಆ ಜನ ಅದುವರೆಗೆ ನೋಡಿರಲಿಲ್ಲ. ಕೊನೆಗೆ ಹೇಳಿದ್ದು ಸಣ್ಣ ಧ್ವನಿಯಲ್ಲಿ.

"ಹೊಡೆದೋನು ನಾನು. ನಿಮಗೆ ಹೆದರಿ ಹೊಡೆದೆ. ಸಭೆ ಒಪ್ಪೈತೆ, ನಾನು ಅದನ್ನ ತಿದ್ದಂಗಿಲ್ಲ. ಹಾಲೇಶನಿಗೆ ಮಗ್ಗ ಕೇಳಾಕೆ ಈಗ ಮ್ಯಾನೇಜರ್ ಹತ್ರ ಹೋಗ್ತೀನಿ. ಬರೋರು ಬರ್ರಿ. ಬರದೋರು ಬ್ಯಾರೆ ಅಧ್ಯಕ್ಷನ್ನ ನೋಡ್ಕಳ್ರಿ."

ಅವರು ಪೆಟ್ಟಿಗೆಯಿಂದ ಇಳಿದು ಒಳಗೆ ನಡೆದರು. ಗೋದಾಮಿನವರು ಹೋದರು, ನೂಲಿನ ಖಾತೆಯವರು ಕೆಲವರು ಹೋದರು. ಮಗ್ಗದವರಲ್ಲಿ ಯಾರೂ ಹೋಗಲಿಲ್ಲ. ಮುಂದಿನ ಚುನಾವಣೆಯಲ್ಲಿ ಸಂಘ ನಿಜಕ್ಕೂ ಬೇರೆ ಅಧ್ಯಕ್ಷರನ್ನು ನೋಡಿಕೊಂಡಿತು.

ಮ್ಯಾನೇಜರಿಗೆ ಜಾತಿಗಿಂತ ಬಟ್ಟೆಯ ಚಿಂತೆ. ಸಿದ್ದಪ್ಪ ಕೆಲಸ ಬರುತ್ತದೆ ಎಂದರೆ ಕೊಡಿ ಎಂದರಂತೆ. ಮಾವ, ಬರುತ್ತದೆ ಎಂದರು. ಹೊಸ ಶೆಡ್ಡಿನ ಮೂಲೆಯ ಮಗ್ಗ ಹಾಲೇಶನಿಗೆ ಸಿಕ್ಕಿತು. ಒಂದು ಷರತ್ತಿತ್ತು: ಎರಡನೇ ಪಾಳಿಗೆ ಆ ಮಗ್ಗಕ್ಕೆ ಜೊತೆಗಾರ ಬೇಕು. ತಿಂಗಳೊಳಗೆ ಯಾರೂ ಬರದಿದ್ದರೆ ಹಾಲೇಶ ಗೋದಾಮಿಗೆ ವಾಪಸು.

ಯಾರೂ ಬರಲಿಲ್ಲ. ಹಾಲೇಶ ಕೆಲಸ ಮುಗಿಸಿ ಹೊರಟಮೇಲೆ ಆ ಮಗ್ಗ ನಿಲ್ಲುತ್ತಿತ್ತು. ಎಲ್ಲ ಮಗ್ಗ ಓಡುವಾಗ ಒಂದು ನಿಂತರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ ಎಂದು ಮಾವ ಹೇಳುತ್ತಿದ್ದರು. ಅವರು ಒಬ್ಬೊಬ್ಬರನ್ನೂ ಕೇಳಿದರು. ಹೆಂಡತಿ ಒಪ್ಪುವುದಿಲ್ಲ ಎಂದವರುಂಟು, ಮಠದ ಅಯ್ಯನವರನ್ನು ಕೇಳಬೇಕು ಎಂದವರುಂಟು. ಶಾಲೆಗೆ ಬೇಸಿಗೆ ರಜೆ ಬಂತು. ಮುಂದಿನ ವರ್ಷಕ್ಕೆ ನನ್ನ ಅಗತ್ಯವಿಲ್ಲವೆಂದು ಸೌಜನ್ಯದಿಂದ ತಿಳಿಸಿದರು. ನಾನು ಧಾರವಾಡದ ಒಂದು ಶಾಲೆಗೆ ಅರ್ಜಿ ಹಾಕಿದೆ. ಹಗಲು ಮನೆಯಲ್ಲಿ ಒಳಗೂ ಹೊರಗೂ ತಿರುಗುತ್ತಿದ್ದೆ. ಗೇಟಿನಲ್ಲಿ ಆಡಿದ ಮಾತು ಕೊನೆಗೆ ಒಬ್ಬನ ಕೆಲಸವನ್ನು ಉಳಿಸಲಾರದಾದರೆ ಅದನ್ನು ಆಡಿದ್ದು ಯಾರಿಗಾಗಿ ಎಂಬ ಪ್ರಶ್ನೆ ಬಿಡುತ್ತಿರಲಿಲ್ಲ. ವಕೀಲರು ಹೇಳಿದ ನಿಧಾನದ ದಾರಿಯೇ ಸರಿಯಿತ್ತೇ? ಆದರೆ ನಿಧಾನದ ದಾರಿಯಲ್ಲಿ ಯಾರೂ ನಡೆದದ್ದನ್ನು ನಾನು ಕಂಡಿರಲಿಲ್ಲ.

ತಿಂಗಳು ತುಂಬುತ್ತ ಬಂದಾಗ ಒಂದು ದಿನ ಮಾವ ವಿಚಿತ್ರವಾದ ಮುಖ ಮಾಡಿಕೊಂಡು ಬಂದರು. ರುದ್ರಪ್ಪ ಆ ಮಗ್ಗ ತನಗೆ ಬೇಕೆಂದು ಕೇಳಿದ್ದ. ಅವನದು ಹಳೆಯ ಶೆ‌ಡ್ಡಿನ ಸವೆದ ಮಗ್ಗ, ಗಳಿಗೆಗೊಮ್ಮೆ ಎಳೆ ಹರಿಯುತ್ತಿತ್ತು. ಮೂಲೆಯ ಮಗ್ಗದಿಂದ ದಿನವೂ ಇಳಿಯುತ್ತಿದ್ದ ಬಟ್ಟೆಯ ಸುರುಳಿಯನ್ನು ಅವನು ನೋಡುತ್ತ ಬಂದಿದ್ದ.

"ಜಾತಿಗೀತಿ ಎಲ್ಲಿ ಹೋತು ಅಂದೆ. ಲಾಳಿ ನಾ ಮನೆಯಿಂದ ತರ್ತೀನಿ, ಅವನದು ಮುಟ್ಟಂಗಿಲ್ಲ, ಮಗ್ಗ ಏನು ಮಾಡೀತು ಅಂದ," ಎಂದರು ಮಾವ.

"ಮಗ್ಗ ಏನು ಮಾಡೀತು ಪಾಪ," ಎಂದರು ಅತ್ತೆ.

ಹೀಗೆ ರುದ್ರಪ್ಪ ದಿನವೂ ಒಂದು ಕೈಚೀಲದಲ್ಲಿ ತನ್ನ ಲಾಳಿ ಹಾಕಿಕೊಂಡು ಎರಡನೇ ಪಾಳಿಗೆ ಬರತೊಡಗಿದ. ಹಾಲೇಶನ ಕೆಲಸ ಉಳಿಯಿತು. ಅವನಿಗೆ ಅದರಿಂದ ಸಂತೋಷವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ತನ್ನ ಲಾಳಿಯನ್ನು ಮಗ್ಗದಿಂದ ತೆಗೆದು ಗೂಟಕ್ಕೆ ತೂಗುಹಾಕಿ ಬರಬೇಕಿತ್ತು ಅವನು, ದಿನವೂ.

ನಾನು ಧಾರವಾಡಕ್ಕೆ ಹೊರಡುವ ಹಿಂದಿನ ದಿನ ಮಳೆ ಹಿಡಿಯಿತು. ಮಾವ ಮನೆಗೆ ಬಂದು ಉಣ್ಣಲು ಪುರಸೊತ್ತಿಲ್ಲದ ದಿನವಾದ್ದರಿಂದ ಬುತ್ತಿ ತೆಗೆದುಕೊಂಡು ನಾನೇ ಗಿರಣಿಗೆ ಹೋದೆ. ಪಾಳಿ ಬದಲಾಗುತ್ತಿತ್ತು. ಗೇಟಿನ ಮಾಡಿನ ಕೆಳಗೆ ಮಾವನೊಂದಿಗೆ ನಿಂತಿದ್ದಾಗ ರುದ್ರಪ್ಪ ತಲೆಗೆ ಗೋಣಿ ಹೊದ್ದು ಓಡುತ್ತ ಬಂದ. ಒಳಗಿನಿಂದ ಹಾಲೇಶ ಬಂದ. ಇಬ್ಬರೂ ಎದುರಾಗಿ ನಿಂತರು.

"ಚೀಲ ಎಲ್ಲಪ್ಪ?" ಎಂದು ಮಾವ ಕೇಳಿದರು.

ರುದ್ರಪ್ಪ ತನ್ನ ಖಾಲಿ ಕೈ ನೋಡಿಕೊಂಡ. "ಮನ್ಯಾಗೆ ಉಳೀತು."

"ಹೋಗಿ ತಗಂಬರ್ತೀಯಾ? ಮಗ್ಗ ಕಾಯ್ತೈತೆ."

"ಈ ಮಳ್ಯಾಗೆ ಯಾರು ಹೋಗ್ತಾರಣ್ಣ," ಎಂದು ರುದ್ರಪ್ಪ ಗೋಣಿಯನ್ನು ಕೊಡವಿ ಮಡಚಿದ. ಹಾಲೇಶನ ಕಡೆ ನೋಡದೆ, "ಎಳೆ ಹೆಂಗೈತೆ ಇವತ್ತು?" ಎಂದ.

"ಬಲಗಡೆ ಸ್ವಲ್ಪ ಬಿಗಿ ಐತ್ರಿ. ತಂಪಿಗೆ," ಎಂದ ಹಾಲೇಶ.

ರುದ್ರಪ್ಪ ತಲೆಯಾಡಿಸಿ, ಹಾಲೇಶನ ಲಾಳಿ ಗೂಟಕ್ಕೆ ತೂಗುತ್ತಿದ್ದ ಮೂಲೆಯ ಕಡೆಗೆ ಹೋದ. ಮಾವ ಬುತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅವನ ಹಿಂದೆಯೇ ಹೋದರು. ಹಾಲೇಶ ಮಳೆಯಲ್ಲಿ ಇಳಿಯಲಿಲ್ಲ. ನನ್ನಿಂದ ತುಸು ದೂರದಲ್ಲಿ, ಶೆಡ್ಡಿನ ಕಡೆ ಮುಖ ಮಾಡಿ ನಿಂತ. ಕೂಗು ಆಯಿತು. ಒಂದೊಂದಾಗಿ ಮಗ್ಗಗಳು ಶುರುವಾಗಿ, ಎಲ್ಲ ಕೂಡಿ ಒಂದೇ ಸದ್ದಾಯಿತು. ಅಷ್ಟು ಮಗ್ಗಗಳ ನಡುವೆ ಒಂದರ ಸದ್ದನ್ನು ಬೇರೆಯಾಗಿ ಕೇಳಲು ನನಗೆ ಬರುವುದಿಲ್ಲ. ಅವನಿಗೆ ಬರುತ್ತಿತ್ತೆಂದು ಕಾಣುತ್ತದೆ. ತಲೆ ಒಂದು ಕಡೆಗೆ ವಾಲಿಸಿ, ಉಸಿರು ಹಿಡಿದು ಕೇಳಿದ. ಆಮೇಲೆ ಅಂಗಿಯ ಗುಂಡಿ ಹಾಕಿಕೊಂಡು, ಮಳೆಯಲ್ಲೇ ಮನೆಯ ಕಡೆ ನಡೆದ.